ಮೂರು ದೇಶದ ಮೊಳ

೧೨ ಆಗಸ್ಟ್ ೨೦೦೩, ಮಂಗಳವಾರ

ಈ ಪುಟ ಮುಂದೆಂದಾದರೂ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ನ್ಯಾಯಾಧೀಶರಿಗೆ ತೊಂದರೆಯಾಗಬಾರದೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು, ತಳಕಿನ ಕಿರಾಣಿ ಅಂಗಡಿ ಕಾಟಪ್ಪನವರ ಮಗ ನಾಗಭೂಷಣ, ಬಿ.ಎಸ್ಸಿ. ಕೊನೆಯ ವರ್ಷ, ಇವತ್ತು ಮಧ್ಯಾಹ್ನ ಎರಡೂಕಾಲಿಗೆ ಚಳ್ಳಕೆರೆಯ ನಮ್ಮ ಕಾಲೇಜಿನ ಏಕೈಕ ಇಂಟರ್‌ನೆಟ್ ಕಂಪ್ಯೂಟರಿನ ಮೌಸನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮುಚ್ಚಳ ತಿರುಗಿಸಿ, ಒಳಗಿದ್ದ ರಬ್ಬರ್ ಗುಂಡನ್ನು ಕದ್ದೆ. ಗುಂಡು ಈಗ ಜೇಬಿನಲ್ಲಿದೆ. ಗುಂಡಿಗೆ ಬಾಯಲ್ಲಿದೆ.

ಕಾರಣ ಘನವಾದದ್ದು. ಯಾವುದೋ ವಿದೇಶಿ ಸಂಸ್ಥೆಯವರು ಮೂರು ಮೂರು ದೇಶದ ವಿದ್ಯಾರ್ಥಿಗಳನ್ನು ಒಂದೊಂದು ತಂಡ ಮಾಡಿ, ತಂಡಕ್ಕೊಂದರಂತೆ ಪ್ರಪಂಚದ ಕಷ್ಟಗಳನ್ನು ಹಂಚಿದ್ದಾರೆ. ಪರಿಹಾರ ಕಂಡುಹಿಡಿದವರು ಬೆಂಗಳೂರಿಗೆ ಬಂದು ತೋರಿಸಬೇಕು. ನಮಗೆ ಬಂದ ಕಷ್ಟ ಇದು: ದನ ಕುರಿಗಳ ಹಿಂದೆ ಅಲೆಯುವ ಜನಕ್ಕೆ ಮಳೆಚಳಿಯಲ್ಲಿ ಸೂರಿಲ್ಲ, ಹೆಗಲ ಮೇಲೆ ಹೊತ್ತು ತಿರುಗಬಹುದಾದ ಒಂದು ಸೂರು ಮಾಡಿ. ಅವರವರ ಊರಿನ ಬಟ್ಟೆಯಲ್ಲೇ ಮಾಡಬೇಕು, ಆದರೆ ಮೂರೂ ದೇಶದಲ್ಲಿ ಒಂದೇ ಅಳತೆ ಇರಬೇಕು. ತಂಡದಲ್ಲಿ ಫಿನ್‌ಲ್ಯಾಂಡಿನ ಐನೋ ಎಂಬ ಹುಡುಗಿ ಇದ್ದಾಳೆ, ಅವರ ಮನೆಯಲ್ಲಿ ಹಿಮಸಾರಂಗ ಸಾಕುತ್ತಾರೆ. ಕೀನ್ಯಾದ ಲೆಮಾಯನ್ ಇದ್ದಾನೆ, ಅವರದು ಆಡು, ದನ. ಭಾರತದಿಂದ ನಾನು ಮತ್ತು ಉಳ್ಳಾರ್ತಿ ಕಾವಲಿನ ಪಕ್ಕದ ಹಟ್ಟಿಯಿಂದ ಬರುವ ನನ್ನ ಸಹಪಾಠಿ ಕಾವ್ಯ.

ಪರಿಚಯದ ಮೇಲ್ ಮೊದಲು ಕಳಿಸಿದವರೇ ನಾಯಕರಾಗುತ್ತಾರೆಂಬುದು ನನ್ನ ಊಹೆ. ಎರಡೂವರೆಗೆ ಕಾವ್ಯಳ ಸರದಿಯಿತ್ತು. ಆದ್ದರಿಂದ ಗುಂಡು.

೧೩ ಆಗಸ್ಟ್, ಬುಧವಾರ

ಮೇಲ್ ನಿನ್ನೆಯೇ ಹೋಗಿದೆ! ಮೌಸ್ ಓಡದಿದ್ದಾಗ ಕಾವ್ಯ ಕೀಲಿಮಣೆಯ ಗುಂಡಿಗಳನ್ನೇ ಒತ್ತಿಕೊಂಡು ಕೆಲಸ ಮುಗಿಸಿದಳಂತೆ. ಬೆಳಿಗ್ಗೆ ಕಾರಿಡಾರಿನಲ್ಲಿ ಸಿಕ್ಕಿದಳು.

"ರೀ ನಾಗಭೂಷಣ್, ಆ ಗುಂಡು ತೊಳೆದು ವಾಪಸ್ ಹಾಕ್ರಿ. ಭಾಳ ದಿನದಿಂದ ಧೂಳು ಹಿಡ್ದಿತ್ತು. ನೀವಾದ್ರೂ ತೆಗೆದ್ರಲ್ಲ."

ತೊಳೆದು ಹಾಕಿದೆ. ಮೌಸ್ ಈಗ ಮೊದಲಿಗಿಂತ ಚುರುಕು. ಅಪರಾಧ ಮಾಡಲು ಹೋಗಿ ಸಮಾಜಸೇವೆ ಮಾಡಿ ಬಂದವನು ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ಪ್ರಾಂಶುಪಾಲ ಮುರುಗೇಂದ್ರಪ್ಪನವರ ಕರೆ. ಪ್ರಾಂಶುಪಾಲರು ಎಲ್ಲರಿಗೂ; ನನ್ನ ಪಾಲಿಗೆ ಪ್ರಾಣಸಂಕಟಪಾಲರು. ಮುಂದೆ ಹಾಜರಾತಿ ಪುಸ್ತಕ ತೆರೆದಿತ್ತು.

"ಏನಯ್ಯಾ, ಹೋದ ವರ್ಷ ಕಾಮಾಲೆ ಅಂದೆ. ಅದರ ಹಿಂದಿನ ವರ್ಷ ಅಜ್ಜಿ ತೀರ್ಕೊಂಡ್ರು ಅಂದೆ. ಈ ವರ್ಷ ಶುರುವಾಗಿ ಎರಡು ತಿಂಗಳಾಗಿಲ್ಲ, ಆಗಲೇ ಐವತ್ತೊಂದು ಪರ್ಸೆಂಟು. ಈಗ ಯಾವ ಅಜ್ಜಿ?"

"ಎರಡನೇ ಅಜ್ಜಿಗೆ ಹುಷಾರಿಲ್ಲ ಸಾರ್."

"ಅವರು ಚೆನ್ನಾಗಿರ್ಲಿ. ಕೇಳು. ಈ ಮೂರು ದೇಶದ ಕೆಲಸ ಕೊನೇತನಕ ಮುಟ್ಟಿಸಿ ಬೆಂಗಳೂರಲ್ಲಿ ತೋರಿಸಿ ಬಂದ್ರೆ, ಓಡಾಡಿದ ದಿನ ಎಲ್ಲಾ ಕಾಲೇಜಿನ ಕೆಲಸ ಅಂತ ಬರ್ಕೊಡ್ತೀನಿ. ನಡುವೆ ಕೈಬಿಟ್ರೆ ಹಾಲ್ ಟಿಕೆಟ್ ಇಲ್ಲ. ನಿಮ್ಮಪ್ಪನ ಅಂಗಡೀಲಿ ತಕ್ಕಡಿ ಹೆಂಗೂ ಐತೆ."

ಅಪ್ಪ ಇಡೀ ತಳಕಿಗೆ ನನ್ನನ್ನು ಫಸ್ಟ್ ಕ್ಲಾಸ್ ವಿದ್ಯಾರ್ಥಿ ಎಂದು ಹೇಳಿಟ್ಟಿದ್ದಾರೆ. ಹಾಲ್ ಟಿಕೆಟ್ಟೇ ಇಲ್ಲದೆ ಆ ಊರಿನಲ್ಲಿ ಬಸ್ಸಿಳಿಯುವುದನ್ನು ಕಲ್ಪಿಸಿಕೊಂಡೆ. ಕಲ್ಪನೆ ಅಲ್ಲಿಗೇ ನಿಂತಿತು.

ಗುರಿ ಇಲ್ಲದವನಿಗೆ ಕುರಿ ಗಂಟುಬಿದ್ದಿದೆ.

೧ ಸೆಪ್ಟೆಂಬರ್, ಸೋಮವಾರ

ಮೂರು ದೇಶಗಳ ನಡುವೆ ಮೇಲ್ ಓಡಾಡುತ್ತಿದೆ. ನಾನು ಮೊದಲ ಕಂತಿನಲ್ಲಿ ಭಾರತೀಯ ಸಂಸ್ಕೃತಿಯ ಬಗ್ಗೆ ಮೂರು ಪುಟ ಬರೆದೆ. ಲೆಮಾಯನ್ ಒಂದೇ ಸಾಲು ಬರೆದ: ಮಳೆ ಬಂದಾಗ ಅವತ್ತೇ ಹುಟ್ಟಿದ ಮರಿಗಳನ್ನು ಎಲ್ಲಿ ಇಡುತ್ತೀರಿ? "ರೂಮಿನಲ್ಲಿ" ಎಂದು ಉತ್ತರಿಸಿದೆ. ಹತ್ತೇ ನಿಮಿಷದಲ್ಲಿ ಅವನ ಮರುಪ್ರಶ್ನೆ: "ಯಾವ ರೂಮು?"

ಐನೋ ನಮ್ಮ ಚಳಿಯ ಬಗ್ಗೆ ವಿಚಾರಿಸಿದ್ದಳು. ಚಳಿಗಾಲದಲ್ಲಿ ಹದಿನಾರು ಡಿಗ್ರಿಗೆ ಇಳಿದು ಜನ ತತ್ತರಿಸುತ್ತಾರೆ ಎಂದು ಕಣ್ಣೀರು ಬರುವಂತೆ ಬರೆದೆ. ಹದಿನಾರು ಬಂತೆಂದರೆ ತಮ್ಮೂರಿನವರು ಟವೆಲ್ ಹಿಡಿದು ನದಿಗೆ ಈಜಲು ಹೊರಡುತ್ತಾರೆ ಎಂದು ಆಕೆ ತಿಳಿಸಿದಳು.

ಪಕ್ಕದಲ್ಲಿ ನಿಂತು ಓದುತ್ತಿದ್ದ ಕಾವ್ಯ ಕೇಳಿದಳು, "ನೀವು ಕುರಿ ನೋಡೀರೇನ್ರಿ?"

"ನೋಡಿದೀನಿ."

"ಸಾರಿನಲ್ಲಿ ಬಿಟ್ಟು?"

ಉತ್ತರಿಸುವುದು ನನ್ನ ಅಂತಸ್ತಿಗೆ ತಕ್ಕುದಲ್ಲವೆಂದು ಸುಮ್ಮನಾದೆ. ಹದಿನಾಲ್ಕರ ಭಾನುವಾರ ಅವಳ ಮಾವ ಪಾತಣ್ಣನ ಕುರಿಹಿಂಡು ನೋಡಲು ಹೋಗಬೇಕಂತೆ. ಹಾಜರಾತಿ ಬೇಕಾದವನಿಗೆ ಉಳ್ಳಾರ್ತಿ ತಪ್ಪದು.

೧೪ ಸೆಪ್ಟೆಂಬರ್, ಭಾನುವಾರ

ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಕಾವಲಿಗೆ ಹೋದದ್ದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಒಂದು. ಕಣ್ಣು ಹಾಯುವಷ್ಟು ದೂರ ಹುಲ್ಲು, ಅದರ ನಡುವೆ ಇನ್ನೂರು ಕರಿಕುರಿ, ನಡುವೆ ಒಬ್ಬ ಬಿಳಿಯ ನಾನು. ಕುರಿಗಳೆಲ್ಲ ಮೇಯುವುದು ಬಿಟ್ಟು ನನ್ನನ್ನೇ ನೋಡಿದವು.

ಪಾತಣ್ಣನಿಗೆ ಐವತ್ತರ ಮೇಲಿರಬೇಕು. ಕೋಲಿನ ಮೇಲೆ ಗದ್ದ ಊರಿ ನಿಂತಿದ್ದ.

"ಇವ್ನೇನಾ ಕಾವ್ಯಾ, ನಿಮ್ಮ ಕಾಲೇಜಿನ ಲೀಡರು? ಯಾರ ಪೈಕಿಯಪ್ಪಾ?"

"ತಳಕಿನ ಅಂಗಡಿ ಕಾಟಪ್ಪನ ಮಗ," ಎಂದೆ.

"ಹಂಗಾದ್ರೆ ಬಾರಪ್ಪಾ ಅಂಗಡಿ, ಕೂತ್ಕೋ."

ಇವತ್ತಿನಿಂದ ನನ್ನ ಹೆಸರು ಅಂಗಡಿ.

ಮೂರು ಗಂಟೆಗೆ ಮಳೆ ಹನಿಯಿತು. ನಾನು ಮರ ಹುಡುಕುವಷ್ಟರಲ್ಲಿ ಪಾತಣ್ಣ ಹೆಗಲ ಮೇಲಿದ್ದ ಕಂಬಳಿಯನ್ನು ಕೊಡವಿ, ಒಂದು ಮೂಲೆ ಮಡಚಿ, ತಲೆಯ ಮೇಲೆ ಗೂಡಿನ ಹಾಗೆ ಕೂರಿಸಿ ಇಳಿಬಿಟ್ಟುಕೊಂಡ. ಇದಕ್ಕೆ ಕೊಪ್ಪೆ ಎನ್ನುತ್ತಾರೆ. ಹೊಲಿಗೆಯಿಲ್ಲ, ಗುಂಡಿಯಿಲ್ಲ, ಹಗ್ಗವಿಲ್ಲ. ಅವನು ಕುಕ್ಕರುಗಾಲಲ್ಲಿ ಕೂತದ್ದೇ ಕೊಪ್ಪೆ ಮನೆಯಾಯಿತು. ಒಳಗಿನಿಂದ "ಮ್ಯಾ" ಎಂದಿತು. ಬೆಳಿಗ್ಗೆ ಹುಟ್ಟಿದ ಮರಿಯೊಂದು ಅವನ ಮಡಿಲಲ್ಲಿತ್ತು.

"ಲೆಮಾಯನ್ ಕೇಳಿದ ರೂಮು ಇದೇ ಕಣ್ರಿ," ಎಂದಳು ಕಾವ್ಯ.

ನಾನು ಪೂರ್ತಿ ನೆನೆದಿದ್ದೆ. ಪಾತಣ್ಣ ಕೊಪ್ಪೆಯ ಅಂಚು ಎತ್ತಿ, "ಬಾರಪ್ಪಾ ಅಂಗಡಿ, ಇನ್ನೊಂದು ಮರಿಗೆ ಜಾಗ ಐತೆ" ಎಂದ. ಹೋಗಲಿಲ್ಲ. ಕಂಬಳಿಯ ವಾಸನೆ ನನಗಾಗದು. ಮನೆಗೆ ಬಂದು ಶರ್ಟನ್ನು ಮೂರು ಸಲ ತೊಳೆಸಿದೆ.

೫ ಅಕ್ಟೋಬರ್, ಭಾನುವಾರ

ಕೊಪ್ಪೆಯೇ ನಮ್ಮ ಸೂರು ಎಂದು ಮೂರು ದೇಶವೂ ಒಪ್ಪಿವೆ. ಐನೋ ಕಂಪ್ಯೂಟರಿನಲ್ಲಿ ಅದರ ನಕ್ಷೆ ಬರೆದು ಕಳಿಸಿದಳು: ಉದ್ದ ಇನ್ನೂರ ಎಪ್ಪತ್ತು ಸೆಂಟಿಮೀಟರು, ಅಗಲ ನೂರ ಮೂವತ್ತೈದು. ಸರಾಸರಿ ಮನುಷ್ಯನಿಗೆ ಸರಿಹೊಂದುವ ಅಳತೆಯಂತೆ. ಹೊದಿಕೆಗೆ ಮೊದಲು ಹೊಂದಿಕೆ ಬೇಕಷ್ಟೆ.

ನಕ್ಷೆ ಹಿಡಿದು ಚಳ್ಳಕೆರೆಯ ಕಂಬಳಿ ನೇಕಾರ ಏಕಾಂತಪ್ಪನವರಲ್ಲಿಗೆ ಒಬ್ಬನೇ ಹೋದೆ. ಮುದುಕರು ಗುಂಡಿಮಗ್ಗದಲ್ಲಿ ಸೊಂಟದವರೆಗೆ ನೆಲದೊಳಗೆ ಇಳಿದು ಕೂತಿದ್ದರು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ ಮೆಲ್ಲಗೆ ವಾಪಸು ಕೊಟ್ಟರು.

"ಸೆಂಟಿಮೀಟ್ರು ನಮ್ಗೆ ಬರಲ್ಲಪ್ಪ. ಮೊಳದಾಗೆ ಹೇಳು."

ವಿಜ್ಞಾನದ ವಿದ್ಯಾರ್ಥಿ ಎಂಬ ಹೆಮ್ಮೆ ಇಂಥ ಗಳಿಗೆಗೇ ಬೇಕು. ಒಂದು ಮೊಳಕ್ಕೆ ನಲವತ್ತೈದು ಸೆಂಟಿಮೀಟರೆಂದು ಪುಸ್ತಕದಲ್ಲಿದೆ. ಅಲ್ಲೇ ಮನಸ್ಸಿನಲ್ಲೇ ಭಾಗಿಸಿ, "ಆರು ಮೊಳ ಉದ್ದ, ಮೂರು ಮೊಳ ಅಗಲ" ಎಂದೆ.

"ಯಾರು ಹೊದ್ಕಳ್ಳೋದು?"

"ನಾನೇ. ವೇದಿಕೆ ಮೇಲೆ."

"ಕೈ ಚಾಚು."

ಚಾಚಿದೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ನೂಲು ಹಿಡಿದು, ಗಂಟು ಹಾಕಿ, ಮಗ್ಗದ ಕಂಬಕ್ಕೆ ಕಟ್ಟಿಕೊಂಡರು. ಕಂಬಳಿಗೆ ತೋಳು ಬೇರೆ ಇಡುತ್ತಾರೇನೋ ಎಂದುಕೊಂಡೆ. ದೊಡ್ಡವರ ಪ್ರೀತಿಗೆ ಅಡ್ಡಿಮಾಡಬಾರದು.

೧೯ ಅಕ್ಟೋಬರ್, ಭಾನುವಾರ

ಕಂಬಳಿ ಬಂತು. ಹುಣಸೆಬೀಜದ ಗಂಜಿ ಕುಡಿದು ಸೆಟೆದು ನಿಂತಿದೆ, ಪರೀಕ್ಷೆ ಮೇಲ್ವಿಚಾರಕರ ಹಾಗೆ. ಹೊದ್ದು ನೋಡಿದೆ. ತಲೆಯಿಂದ ಮೀನಖಂಡದವರೆಗೆ ಹೇಳಿ ಮಾಡಿಸಿದಂತೆ ಕೂತಿತು. ಫೋಟೋ ತೆಗೆಸಿ, ಟೇಪು ಹಿಡಿದು ಅಳೆದು ಅಂಕಿಗಳನ್ನು ಸಂಸ್ಥೆಯವರಿಗೆ ಕಳಿಸೆಂದು ಕಂಬಳಿಯನ್ನು ಕಾವ್ಯಳಿಗೆ ಕೊಟ್ಟೆ. ಅಂಕಿಗಳನ್ನು ನಾನು ನೋಡಲಿಲ್ಲ. ನಾಯಕರು ವಿವರಕ್ಕೆ ಇಳಿಯಬಾರದು.

೨೨ ಅಕ್ಟೋಬರ್, ಬುಧವಾರ

ಸಂಸ್ಥೆಯವರ ಮೇಲ್ ಬಂತು: ಭಾರತದ ಕಂಬಳಿ ಉದ್ದದಲ್ಲಿ ಮೂವತ್ತು ಸೆಂಟಿಮೀಟರು, ಅಗಲದಲ್ಲಿ ಹದಿನೈದು ಕಡಿಮೆ ಇದೆಯಂತೆ. ನವೆಂಬರ್ ಹದಿನೈದರೊಳಗೆ ಮೂರೂ ಒಂದೇ ಅಳತೆಗೆ ಬಾರದಿದ್ದರೆ ತಂಡವನ್ನು ಕೈಬಿಡುತ್ತಾರಂತೆ.

ಅಳತೆ ಹೋಯಿತು. ಅಳು ಉಳಿಯಿತು.

೨೩ ಅಕ್ಟೋಬರ್, ಗುರುವಾರ

ಏಕಾಂತಪ್ಪನವರ ಜೊತೆ ಜಗಳ ಆಡಲು ಹೋದೆ. ಸಾಕ್ಷಿಗೆ ಕಾವ್ಯಳನ್ನೂ ಕರೆದುಕೊಂಡು ಹೋದೆ.

"ನಿಮ್ಮ ಮೊಳ ತಪ್ಪಾಗಿದೆ ಯಜಮಾನ್ರೆ! ನನ್ನ ಪರೀಕ್ಷೆ ಹೋಗುತ್ತೆ!"

ಮುದುಕರು ಮಗ್ಗ ನಿಲ್ಲಿಸಿ, ಕಂಬಕ್ಕೆ ಕಟ್ಟಿದ್ದ ನೂಲನ್ನು ಬಿಚ್ಚಿ ತಂದು ನನ್ನ ತೋಳಿನ ಮೇಲೆ ಇಟ್ಟರು. ಗಂಟಿನಿಂದ ಗಂಟಿಗೆ ಸರಿಯಾಗಿ ಕೂತಿತು.

"ಮೊಳ ಎಲ್ಲಿ ತಪ್ಪೈತಪ್ಪ? ತೋಳು ನಿಂದೇ."

ಕಾವ್ಯ ಬಾಯಿಗೆ ದುಪಟ್ಟಾ ಹಿಡಿದಳು. ನನ್ನ ಮೊಳ ನಲವತ್ತು ಸೆಂಟಿಮೀಟರು. ಐದೂಕಾಲು ಅಡಿಯವನ ತೋಳು ಪುಸ್ತಕಕ್ಕೆ ಬೆಲೆ ಕೊಡುವುದಿಲ್ಲ.

"ಹೊದ್ಕಳ್ಳೋನ ಮೊಳಕ್ಕೆ ನೇಯೋದು ನಮ್ಮ ತಾತನ ಕಾಲದಿಂದ. ದೊಡ್ಡ ಆಳು ಬಂದ್ರೆ ಅವ್ನ ಮೊಳ, ಹೆಣ್ಣುಮಗಳು ಬಂದ್ರೆ ಅವಳ ಮೊಳ. ಎಲ್ರಿಗೂ ಆರೇ ಮೊಳ. ಸೆಂಟಿಮೀಟ್ರು ಯಾರ ಮೈಮ್ಯಾಲೆ ಐತೆ, ತೋರ್ಸು ನೋಡಾನ."

ಹೊಸ ಕಂಬಳಿ ನೇಯಲು ಕೇಳಿದರೆ ದೀಪಾವಳಿ ಮುಗಿಯಲಿ ಎಂದರು. ಬಸ್‌ಸ್ಟ್ಯಾಂಡಿನವರೆಗೂ ಕಾವ್ಯ ತನ್ನದೇ ತೋಳನ್ನು ನೋಡಿಕೊಳ್ಳುತ್ತಾ ನಡೆದಳು. ನನ್ನನ್ನು ಅಣಕಿಸುತ್ತಿದ್ದಾಳೆಂದು ಕೋಪ ಬಂತು.

೩ ನವೆಂಬರ್, ಸೋಮವಾರ

ಮಳೆಯಲ್ಲಿ ಹೊದ್ದು ನೋಡಿದವರ ವರದಿಗಳು ಬಂದಿವೆ. ನಕ್ಷೆಯಂತೆ ಕರಾರುವಾಕ್ಕಾಗಿ ಮಾಡಿಸಿದ ಲೆಮಾಯನ್‌ಗೆ ಮಂಡಿಯಿಂದ ಕೆಳಗೆಲ್ಲ ಒದ್ದೆ. ಅವನು ಆರಡಿ ನಾಲ್ಕಿಂಚು. ಐನೋ ತನ್ನ ಅಜ್ಜಿಗೆ ಹೊದಿಸಿದಳಂತೆ. ಅಜ್ಜಿ ಅಂಚು ತುಳಿದು ಮುಗ್ಗರಿಸಿ, ಹಿಮಸಾರಂಗದ ಮೇಲೆ ಬಿದ್ದು, ಈಗ ಮೊಮ್ಮಗಳ ಜೊತೆ ಮಾತು ಬಿಟ್ಟಿದ್ದಾರೆ.

"ಸರಾಸರಿ ಮನುಷ್ಯ ಅಂತಾರಲ್ಲ," ಕಾವ್ಯ ಕೇಳಿದಳು, "ಅವ್ನು ಯಾವ ಊರೋನು?"

"ಯಾವ ಊರೋನೂ ಅಲ್ಲ. ಲೆಕ್ಕದೋನು."

"ಮತ್ತೆ ಅವ್ನಿಗ್ಯಾಕೆ ಕೊಪ್ಪೆ ಮಾಡ್ತೀವಿ? ಮೂರೂ ಜನದಾಗೆ ಸರಿಯಾಗಿ ಕೂತಿದ್ದು ನಿಂದೊಂದೇ ನೋಡು. ನಾಗಭೂಷಣ, ಬರಿ. ಅವರವರ ಮೊಳ ಅಳ್ಕೊಂಡು ಕಳಿಸ್ರಿ ಅಂತ ಬರಿ."

ಬರೆದೆ. ಮೊಳ ಎಂದರೇನೆಂದು ವಿವರಿಸಲು ಪೂರ್ತಿ ಪುಟ ಹಿಡಿಯಿತು. ಆಮೇಲೆ ಅದನ್ನು ಅಳಿಸಿ, ನನ್ನ ತೋಳಿನ ಫೋಟೋ ಕಳಿಸಿದೆ. ಸಂಜೆಯೊಳಗೆ ಉತ್ತರ ಬಂತು. ಲೆಮಾಯನ್ ಐವತ್ತೆರಡು. ಐನೋ ನಲವತ್ತಮೂರು. ಅಜ್ಜಿ ಮೂವತ್ತೆಂಟು, ಅಳತೆ ಕೊಡುವಾಗಲೂ ಮಾತಾಡಲಿಲ್ಲವಂತೆ.

ಅಳತೆ ಒಂದೇ: ಹೊದೆಯುವವರ ಮೊಳದಲ್ಲಿ ಆರು ಉದ್ದ, ಮೂರು ಅಗಲ. ಟೇಪು ಬೇಡ, ನಕ್ಷೆ ಬೇಡ, ಓದು ಬರಹ ಬರಬೇಕಾಗಿಯೂ ಇಲ್ಲ. ಅಳತೆಗೋಲು ಭುಜದಿಂದ ನೇತಾಡಿಕೊಂಡೇ ಹುಟ್ಟಿರುತ್ತದೆ. ಇಷ್ಟು ದೊಡ್ಡ ಸಿದ್ಧಾಂತ ನನ್ನ ತೋಳಿನಿಂದಲೇ ಹೊರಟಿತೆಂಬುದನ್ನು ದಾಖಲಿಸಿ ಇಡುತ್ತೇನೆ.

ಐನೋ, ಲೆಮಾಯನ್ ಹೊಸದಾಗಿ ಮಾಡಿಸುತ್ತಿದ್ದಾರೆ. ನಮ್ಮ ಕಂಬಳಿಯನ್ನು ನಿಜವಾದ ಮಳೆಯಲ್ಲಿ ಪರೀಕ್ಷಿಸಿ ವರದಿ ಕಳಿಸಬೇಕು. ಪಾತಣ್ಣ ಹಿಂಡು ಹೊಡೆದುಕೊಂಡು ಬ್ರಹ್ಮಗಿರಿ ಕಡೆಗೆ ಹೋಗಿದ್ದಾನೆ. ಶೇಂಗಾ ಕಿತ್ತ ಹೊಲಗಳಲ್ಲಿ ಈಗ ಮೇವು. ಕಾವ್ಯಳಿಗೆ ಪ್ರಾಕ್ಟಿಕಲ್ ಇದೆ. ಹೋಗಬೇಕಾದವನು ನಾನೇ. ಒಂದೇ ದಿನ. ರಾತ್ರಿಗೆ ಮೊಳಕಾಲ್ಮೂರಿನಲ್ಲಿ ನಮ್ಮ ಜಯಕ್ಕನ ಮನೆ ಸೇರಿ ಹಾಸಿಗೆಯ ಮೇಲೆ ಮಲಗುವ ಏರ್ಪಾಡು. ಊರಿನ ಹೆಸರಿನಲ್ಲೇ ಮೊಳ ಇದೆ, ಶಕುನ ಚೆನ್ನಾಗಿದೆ.

೮ ನವೆಂಬರ್, ಶನಿವಾರ, ಮೊಳಕಾಲ್ಮೂರು

ಒಂದು ದಿನಕ್ಕೆ ಹೋದವನು ನಾಲ್ಕು ದಿನ ಇದ್ದು ಬಂದೆ. ಅನಿವಾರ್ಯ ಕಾರಣಗಳಿಂದ.

ಮೊದಲನೆಯ ಕಾರಣ, ಬಸ್ಸು ತಪ್ಪಿತು. ಎರಡು ಸಲ ತಪ್ಪಿತು. ಎರಡು ಸಲವೂ ಕಣ್ಣೆದುರಿಗೇ ಬಂದು, ನಿಂತು, ಹಾರ್ನ್ ಮಾಡಿ ಹೋಯಿತು. ನಾನು ಏಳುವ ಹಾಗಿರಲಿಲ್ಲ, ಕೊಪ್ಪೆಯೊಳಗೆ ಮರಿಯಿತ್ತು. ಗುರುವಾರ ಜಡಿಮಳೆಯಲ್ಲಿ ಕುಂಟುಕುರಿಯೊಂದು ಅವಳಿ ಹಾಕಿತು. ಒಂದನ್ನು ಪಾತಣ್ಣ ತನ್ನ ಮಡಿಲಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಕೈಗೆ ತುರುಕಿದ. "ಹಿಡ್ಕಾ ಅಂಗಡಿ. ತೂಕ ಮಾಡಬ್ಯಾಡ, ಬೆಚ್ಚಗಿಡು."

ಮರಿ ನಡುಗುತ್ತಿತ್ತು. ನಾನೂ. ಸಿದ್ದಾಪುರದ ಟೀ ಅಂಗಡಿಯ ಕೊಲ್ಲಾಪುರಮ್ಮ ನಮ್ಮಿಬ್ಬರನ್ನೂ ನೋಡಿ, ಅರ್ಧ ತೆಲುಗಿನಲ್ಲಿ, "ಅಯ್ಯೋ ನಾಯನಾ, ಪಿಲ್ಲ ಚಳಿಗೆ ನಡುಗ್ತೈತೆ, ದಾ ಇಕ್ಕಡ, ಒಲೆ ತಾವ ಕೂತ್ಕ" ಎಂದು ಕರೆದಳು. ಕೂತೆ. ಪಿಲ್ಲ ಎಂದರೆ ಕೂಸು; ಆ ಕೂಸು ಯಾರು, ನಾನೋ ಮರಿಯೋ ಎಂದು ಕೇಳಲಿಲ್ಲ. ಇಬ್ಬರಿಗೂ ಬಿಸಿನೀರು ಕೊಟ್ಟಳು. ಮೂರು ಗಂಟೆಯ ಹೊತ್ತಿಗೆ ಮರಿ ಎದ್ದು ನಿಂತು, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಕಳಿಸಿ, ಬಿದ್ದು, ಮತ್ತೆ ಎದ್ದಿತು. ಒಟ್ಟು ಏಳು ಸಲ ಬಿತ್ತು. ವರದಿಗೆ ಬೇಕಾಗಬಹುದೆಂದು ಎಣಿಸಿದೆ.

ಬ್ರಹ್ಮಗಿರಿಯ ಅಶೋಕನ ಶಾಸನವನ್ನೂ ನೋಡಿದೆ. ಬಂಡೆಯ ಮೇಲೆ ಕೆತ್ತಿಸಿದ ಮೇಲ್. ಎರಡು ಸಾವಿರ ವರ್ಷವಾದರೂ ಯಾರೂ ಅಳಿಸಿಲ್ಲ. ಆತನಿಗೆ ಮೌಸಿನ ಕಾಟವೂ ಇರಲಿಲ್ಲ.

ಕುಂಟುಕುರಿಗೆ ಬಲಗಾಲಿನ ಗೊರಸು ಸೀಳಿದೆ, ಇಳಿಜಾರಿನಲ್ಲಿ ಹಿಂದೆ ಬೀಳುತ್ತದೆ, ಅದಕ್ಕೆಂದು ನಾನೂ ಹಿಂದೆಯೇ ನಡೆದೆ. ಇದು ಪರೀಕ್ಷೆಯ ಭಾಗವಲ್ಲ, ಸುಮ್ಮನೆ ಬರೆದಿಟ್ಟಿದ್ದೇನೆ.

ಇವತ್ತು ಸಂಜೆ ಜಯಕ್ಕನ ಮನೆ ತಲುಪಿದೆ. ಭಾವ ರೇಷ್ಮೆ ಸೀರೆ ನೇಯುವವರು. ಬಾಗಿಲಲ್ಲೇ ಅಕ್ಕ ಮೂಗು ಮುಚ್ಚಿಕೊಂಡಳು.

"ರೇಷ್ಮೆ ಇರೋ ಮನೆಗೆ ಇದೇನೋ ವಾಸ್ನೆ! ಆ ಕಂಬ್ಳಿ ಹೊರಗಿಡು."

"ಯಾವ ವಾಸ್ನೆ?" ಎಂದೆ. ನನಗೇನೂ ಬರಲಿಲ್ಲ. ಕಂಬಳಿಯನ್ನು ಒಬ್ಬಂಟಿಯಾಗಿ ಹೊರಗೆ ಬಿಡುವುದು ಸರಿಕಾಣದೆ ಜಗಲಿಯ ಮೇಲೆ ಅದನ್ನೇ ಹೊದ್ದು ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಸೆಕೆ.

೨೦ ನವೆಂಬರ್, ಗುರುವಾರ

ವರದಿಯನ್ನು ಹದಿನಾಲ್ಕಕ್ಕೇ ಕಳಿಸಿದ್ದೆವು. ಇವತ್ತು ಉತ್ತರ. ಮೊಳವನ್ನು ಒಂದೇ ಅಳತೆ ಎಂದು ಒಪ್ಪಿಕೊಳ್ಳಬೇಕೋ ಬೇಡವೋ ಎಂದು ತೀರ್ಪುಗಾರರಲ್ಲೇ ವಾದವಾಯಿತಂತೆ. ಬೆಂಗಳೂರಿಗೆ ಬಂದು ಎದುರಿಗೇ ಹೊದ್ದು ತೋರಿಸಿ, ಆಮೇಲೆ ನೋಡೋಣ ಎಂದಿದ್ದಾರೆ.

ಮುರುಗೇಂದ್ರಪ್ಪನವರು ಹಾಜರಾತಿ ಪುಸ್ತಕ ತಿರುಗಿಸಿದರು. "ಈಗ ನಲವತ್ತಾರಕ್ಕೆ ಇಳಿದೀಯ. ಬೆಂಗಳೂರಲ್ಲಿ ನೀನೇ ಮಾತಾಡು, ನಿನಗೆ ಬಾಯಿ ಐತೆ. ಎಂಟು ನಿಮಿಷ. ಅಲ್ಲಿ ಕೆಟ್ರೆ ಇಲ್ಲೂ ಕೆಟ್ಟೆ."

ನಾನು ಮಾತಾಡುವುದು ಎಂದ ಮೇಲೆ ಕೆಡುವ ಪ್ರಶ್ನೆಯೆಲ್ಲಿ?

೧೨ ಫೆಬ್ರವರಿ ೨೦೦೪, ಗುರುವಾರ, ಬೆಂಗಳೂರು

ಗೆದ್ದೆವು! ಇಪ್ಪತ್ತಮೂರು ತಂಡಗಳಲ್ಲಿ ಮೊದಲು.

೧೪ ಫೆಬ್ರವರಿ, ಶನಿವಾರ

ಇತಿಹಾಸದ ಉಪಯೋಗಕ್ಕೆ ವಿವರವಾಗಿ ಬರೆಯುತ್ತೇನೆ.

ಐನೋ, ಲೆಮಾಯನ್ ಇಬ್ಬರನ್ನೂ ಮೊದಲ ಸಲ ಕಣ್ಣಾರೆ ಕಂಡೆ. ಲೆಮಾಯನ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಮೂವರೂ ತೋಳಿಗೆ ತೋಳು ಹಚ್ಚಿ ಮೊಳ ನೋಡಿಕೊಂಡೆವು. ಅದೇ ನಮ್ಮ ನಮಸ್ಕಾರವಾಯಿತು. ಪಾತಣ್ಣ ಕೊಟ್ಟು ಕಳಿಸಿದ್ದ ರಾಗಿರೊಟ್ಟಿಯನ್ನು ಐನೋ ಚೀಲದಲ್ಲಿ ಇಟ್ಟುಕೊಂಡಳು, ಅಜ್ಜಿಯ ಜೊತೆ ರಾಜಿಗೆ ಬೇಕಂತೆ.

ವೇದಿಕೆಯ ಮೇಲೆ ನಾವು ಮೂವರೂ ಕೊಪ್ಪೆ ಹೊದ್ದು ಕೂತೆವು. ಅವನದು ಕೆಂಪು ಬಟ್ಟೆ, ಅವಳದು ಬೂದು ಉಣ್ಣೆ, ನನ್ನದು ಏಕಾಂತಪ್ಪನವರ ಕರಿಕಂಬಳಿ. ಕಾವ್ಯ ಮೊದಲು ಎರಡು ಮಾತು ಹೇಳುವುದು, ಆಮೇಲೆ ನಾನು ಎಂದು ಗೊತ್ತಾಗಿತ್ತು. ಮುಂದಿನದನ್ನು ಸಭೆಯಲ್ಲಿದ್ದ ಇನ್ನೂರು ಜನ ಹೇಳಬೇಕು. ಒಂದು ಕೈಸನ್ನೆಯನ್ನೂ ಮಾಡದೆ ನಾನು ಇಡೀ ಸಭಾಂಗಣವನ್ನು ಹಿಡಿದಿಟ್ಟೆ. ಅತಿ ಕಠಿಣವಾದ ಪ್ರಶ್ನೆ ಬಂದಾಗ ನಾನು ಕೊಟ್ಟ ಉತ್ತರಕ್ಕೆ ತೀರ್ಪುಗಾರರು ಬೆರಗಾದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮುರುಗೇಂದ್ರಪ್ಪನವರಿಗೆ ಇದನ್ನೇ ವರದಿ ಮಾಡಿದೆ.

"ಎಂಟು ನಿಮಿಷಾನೂ ನಡೀತೇನಯ್ಯಾ?"

"ನಡುವೆ ಎಲ್ಲೂ ನಿಲ್ಲಿಸಲಿಲ್ಲ ಸಾರ್."

"ಭಪ್ಪರೆ," ಎಂದು ಅಲ್ಲೇ ಸಹಿ ಹಾಕಿದರು. ಓಡಾಡಿದ ದಿನಗಳೆಲ್ಲ ಕಾಲೇಜಿನ ಕೆಲಸ. ಪಕ್ಕದಲ್ಲಿ ನಿಂತಿದ್ದ ಕಾವ್ಯ ಏನೂ ಹೇಳಲಿಲ್ಲ.

೮ ಮಾರ್ಚ್, ಸೋಮವಾರ

ಹಾಲ್ ಟಿಕೆಟ್ ಕೈಗೆ ಬಂತು. ಫೋಟೋದಲ್ಲಿ ನಾನೇ ಇದ್ದೇನೆ. ಅಪ್ಪ ಅದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ಕಾವ್ಯ ಇವತ್ತೂ ಏನೂ ಹೇಳಲಿಲ್ಲ. "ಕುಂಟುಕುರಿಯ ಮರಿಗೆ ಕೊಂಬು ಮೂಡೈತಂತೆ, ಮಾವ ಕೇಳ್ತಿದ್ದ, ಅಂಗಡಿ ಯಾವಾಗ ಬರ್ತಾನೆ ಅಂತ," ಎಂದಳು ಅಷ್ಟೇ. ಪರೀಕ್ಷೆ ಮುಗಿದ ಮರುದಿನವೇ ಬರ್ತೀನಿ ಎಂದೆ. ಒಂದು ಸಲವಾದರೂ ಅವಳು ನನ್ನನ್ನು ಆಡಿಕೊಂಡಿದ್ದರೆ ಈ ಪುಟ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಫೆಬ್ರವರಿ ಹದಿನಾಲ್ಕರ ಬರಹದಲ್ಲಿ ಸುಳ್ಳು ಒಂದೂ ಇಲ್ಲ. ಒಂದು ಸಣ್ಣ ಸಂಗತಿ ಬಿಟ್ಟುಹೋಗಿದೆ.

ಬೆಂಗಳೂರಿನ ಸಭೆಯ ಹಿಂದಿನ ಇಡೀ ರಾತ್ರಿ ಬಸ್ಸಿನಲ್ಲಿ ಭಾಷಣ ಉರುಹಚ್ಚುತ್ತಾ ಬಂದಿದ್ದೆ. ಸಭಾಂಗಣದಲ್ಲಿ ಎ.ಸಿ. ಕೊರೆಯುತ್ತಿತ್ತು. ಕೊಪ್ಪೆಯ ಒಳಗೆ ಬೆಚ್ಚಗಿತ್ತು, ಕತ್ತಲಿತ್ತು, ಸಿದ್ದಾಪುರದ ವಾಸನೆಯಿತ್ತು. ಕಾವ್ಯ "ಮಾನ್ಯರೇ" ಎಂದದ್ದು ಕೇಳಿಸಿತು. ಆಮೇಲಿನದು ಲೆಮಾಯನ್ ಹೇಳಿ ತಿಳಿದದ್ದು. ನನ್ನ ಸರದಿ ಬಂದಾಗ ನಾನು ಏಳದಿದ್ದುದನ್ನು ಕಂಡು ಕಾವ್ಯಳೇ ಮುಂದುವರಿಸಿದಳಂತೆ. ಏಕಾಂತಪ್ಪನವರ ನೂಲು, ಪಾತಣ್ಣನ ಮಡಿಲು, ಲೆಮಾಯನ್‌ನ ಮಂಡಿ, ಐನೋಳ ಅಜ್ಜಿ, ಎಲ್ಲವನ್ನೂ ಎಂಟು ನಿಮಿಷದಲ್ಲಿ ಹೇಳಿ ಮುಗಿಸಿದಳಂತೆ. ಕೊನೆಗೆ ಒಬ್ಬ ತೀರ್ಪುಗಾರರು ಕೇಳಿದರಂತೆ: ಮೊಳ ಸರಿ, ಮಳೆಯೂ ಸರಿ, ಆದರೆ ಇಂಥ ಒರಟು ಕಂಬಳಿಯೊಳಗೆ ಮನುಷ್ಯ ನೆಮ್ಮದಿಯಾಗಿ ಕೂರಬಲ್ಲನೆ?

ಕಾವ್ಯ ಉತ್ತರ ಕೊಡದೆ ನನ್ನ ಕೊಪ್ಪೆಯ ಅಂಚನ್ನು ಮೆಲ್ಲಗೆ ಎತ್ತಿದಳಂತೆ. ನನ್ನ ಬಾಯಿ ತೆರೆದಿತ್ತಂತೆ. ಭಾಷಣಕ್ಕೆಂದು ಕಾಲರಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ಗೊರಕೆ ಇನ್ನೂರು ಜನಕ್ಕೂ ಸ್ಪಷ್ಟವಾಗಿ ಕೇಳಿಸಿತಂತೆ.

ಚಪ್ಪಾಳೆಗೆ ನನಗೆ ಎಚ್ಚರವಾಯಿತು. ಎದ್ದು ನಿಂತು, ಮೂರು ದಿಕ್ಕಿಗೂ ಕೈಮುಗಿದು, ಗಂಟಲು ಸರಿಮಾಡಿಕೊಂಡು, "ಮಾನ್ಯರೇ, ಈಗ ನನ್ನ ಭಾಷಣವನ್ನು ಆರಂಭಿಸುತ್ತೇನೆ" ಎಂದೆ.